ಅಪ್‌ಡೇಟ್: ಒಂದೇ ಕಾರು, ನನ್ನದೇ ಯಾಕೆ ಜಾಸ್ತಿ ಕರೆಂಟ್ ತಿನ್ನುತ್ತದೆ?
ಮಿಷಿಗನ್‌ನಲ್ಲಿ ನನ್ನ ಟೊಯೋಟಾ ರಾವ್4 ಪ್ರೈಮ್ (ಪ್ಲಗ್ ಹಾಕಿ ಚಾರ್ಜ್ ಮಾಡುವ, ಪೆಟ್ರೋಲಲ್ಲೂ ಓಡುವ ಹೈಬ್ರಿಡ್ ಕಾರು), ಗೆಳೆಯರ ಅದೇ ಕಾರಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ ಅಂತ ಕೇಳಿದ್ದೆನಲ್ಲ, ಈಗ ಎಲ್ಲರ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದೆ. ದೊಡ್ಡ ವ್ಯತ್ಯಾಸ ಅಳತೆಯದ್ದೇ. ನನ್ನದು ಚಾರ್ಜರ್ ಮೀಟರಿನ ಅಂಕಿ, ಅವರದ್ದು ಡ್ಯಾಶ್‌ಬೋರ್ಡಿನದು. ಚಾರ್ಜ್ ಆಗುವಾಗ ಬಿಸಿಯಾಗಿ ಪೋಲಾಗುವ ಕರೆಂಟ್ ನನ್ನ ಲೆಕ್ಕಕ್ಕೆ ಮಾತ್ರ ಸೇರುತ್ತಿತ್ತು. ಇನ್ನೊಬ್ಬರು ಬ್ಯಾಟರಿಯ 18.1 ಕಿಲೋವ್ಯಾಟ್ ಅವರ್ ಪೂರ್ತಿ ಹಿಡಿದು ಓಡಿದ ಮೈಲಿಯಿಂದ ಭಾಗಿಸಿದ್ದರು, ಆದರೆ ಅಷ್ಟೂ ಬಳಕೆಗೆ ಸಿಗುವುದಿಲ್ಲ, ಹೈಬ್ರಿಡ್ ಓಟಕ್ಕೆ ಒಂದು ಪಾಲು ಉಳಿಯಲೇಬೇಕು ಅಲ್ವಾ? ಮಿಕ್ಕಿದ್ದು ಹೈವೇ ಸ್ಪೀಡು, ಚಳಿ, ಹೀಟರ್. ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ಹೇಳುವ, ಒಂದು ಚಾರ್ಜಿಗೆ ಬರೀ ಕರೆಂಟಲ್ಲಿ 42 ಮೈಲಿ ಅನ್ನೋದನ್ನ ಜನವರಿಯಲ್ಲಿ ಸುಮ್ನೆ ಮರೆತುಬಿಡಿ. ಈಗ ಪ್ಲಗ್ ತೆಗೆಯುವ ಮೊದಲೇ ಕಾರು ಬೆಚ್ಚಗೆ ಮಾಡಿಕೊಂಡು, ಆಮೇಲೆ ಸೀಟ್ ಹೀಟರಲ್ಲೇ ಓಡಿಸುತ್ತೇನೆ. ಪರವಾಗಿಲ್ಲ, ವ್ಯತ್ಯಾಸ ಕಾಣುತ್ತಿದೆ. ಹೆಂಡತಿ ಮಾತ್ರ ಕಾಲು ತಣ್ಣಗಾಗುತ್ತದೆ ಅಂತ ಬೈಯುತ್ತಾಳೆ.