ಡಬ್ಬಿ ಟೊಮೆಟೊ, ಪ್ಯಾಕೆಟ್ ಪೇಸ್ಟ್: ಯಾವಾಗ ಸಾಕು?

ಪ್ರಶ್ನೆ: ಸಾಸ್‌ಗೆ ಡಬ್ಬಿ ಟೊಮೆಟೊ ಹೋಳು, ಪ್ಯಾಕೆಟ್ ಬೆಳ್ಳುಳ್ಳಿ ಪೇಸ್ಟ್ ಸಾಕೇ, ಎಲ್ಲ ಮನೆಯಲ್ಲೇ ಮಾಡಬೇಕೇ? ಹೋಳುಗಳಂತೂ ಎಷ್ಟು ಕುದಿಸಿದರೂ ಕರಗುತ್ತಿಲ್ಲ.

ಉತ್ತರ 1: ಹೋಳು ಗಟ್ಟಿಯಾಗಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ಅದಕ್ಕೇ ಕರಗಲ್ಲ. ನುಣ್ಣನೆ ಸಾಸ್‌ಗೆ ಪ್ಯೂರಿ ತಗೊಳ್ಳಿ, ಇಲ್ಲವೇ ಲೇಬಲ್‌ನಲ್ಲಿ ಅದಿಲ್ಲದ ಇಡೀ ಟೊಮೆಟೊ. ಸೀಸನ್ ಅಲ್ಲದಾಗ ಸಪ್ಪೆ ಹಣ್ಣಿಗಿಂತ ಡಬ್ಬಿಯೇ ವಾಸಿ.

ಉತ್ತರ 2: ಪೇಸ್ಟ್ ವಿಷಯ ಬೇರೆ. ಅರೆದ ಬೆಳ್ಳುಳ್ಳಿಯ ಘಾಟು ಬೇಗ ಇಳಿಯುತ್ತೆ. ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಉಪ್ಪು, ಹುಳಿಯೂ ಇರುತ್ತೆ. ಹೆಚ್ಚು ಹೊತ್ತು ಬೇಯುವ ಗ್ರೇವಿಗೆ ನಡೆಯುತ್ತೆ, ಉಪ್ಪು ಮಾತ್ರ ಕೊನೆಗೆ ರುಚಿ ನೋಡಿ ಹಾಕಿ. ಹಸಿಯಾಗಿ ಬಳಸುವ ಡ್ರೆಸ್ಸಿಂಗ್‌ಗೆ ಬೇಡವೇ ಬೇಡ.

ಉತ್ತರ 3: ಮನೆಯಲ್ಲಿ ಬೆಳ್ಳುಳ್ಳಿ ಅರೆದರೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿ, ಬಾಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ, ಜೀವಕ್ಕೇ ಕುತ್ತಾಗಬಹುದಾದ ಕಾಯಿಲೆ) ಅಪಾಯ. ಫ್ರಿಜ್‌ನಲ್ಲಿ 4 ದಿನ. ಮಿಕ್ಕಿದ್ದು ಐಸ್ ಟ್ರೇಗೆ ಹಾಕಿ ಫ್ರೀಜರ್‌ಗೆ.