ಎಳ್ಳ ಅಮಾವಾಸ್ಯೆ ದಿನ 27ನೇ ಮನೆ ಮುತ್ಯಾ ಕಾಣೆ: ನಮ್ಮ ಬಡಾವಣೆ ಗುಂಪು, ಕಲಬುರಗಿ

ಮನೆ 27 (ಸಂಜೆ 4:12)
ನಮಸ್ಕಾರ ರೀ. ನಮ್ಮ ಮಾವನವರು ಯಾರಿಗಾದರೂ ಕಂಡಿದ್ದಾರಾ? ನಾವೆಲ್ಲ ಜೇವರ್ಗಿ ಕಡೆ ಹೊಲದಲ್ಲಿ ಭೂತಾಯಿಗೆ ಚರಗದ ತುತ್ತು ಚೆಲ್ಲಲು ಹೋಗಿದ್ದೆವು. ಮೊಣಕಾಲು ನೋವು ಅಂತ ಮುತ್ಯಾ ಬರಲಿಲ್ಲ, ಆಯಿ ಜೊತೆ ಮನೆಯಲ್ಲೇ ಉಳಿದರು. ಆಯಿಗೆ ಸ್ವಲ್ಪ ನಿದ್ದೆ ಹತ್ತಿದೆ, ಎದ್ದು ನೋಡಿದರೆ ಇವರಿಲ್ಲ. ಫೋನ್ ಚಾರ್ಜಿಗೆ ಹಾಕಿದ್ದು ಹಾಗೇ ಇದೆ.

ಮನೆ 12 (4:15)
ಗುಡಿಗೆ ಹೋಗಿರಬೇಕು ವೈನಿ. ಬರುತ್ತಾರೆ ಬಿಡಿ.

ಮನೆ 27 (4:16)
ಅಲ್ಲಿ ನೋಡಿ ಬಂದೆವು. ಇಲ್ಲ.

ಕಾರ್ಯದರ್ಶಿ (4:31)
ಬಡಾವಣೆಯಲ್ಲಿ ಇವತ್ತು ಯಾರಿದ್ದಾರೆ ಕೈ ಎತ್ತಿ. ಅರ್ಧ ಮನೆಗೆ ಬೀಗ ಇದೆ ಅಂತ ಗೊತ್ತು, ಎಲ್ಲರೂ ಹೊಲದಲ್ಲಿ ಭಜ್ಜಿ, ಕಡುಬು ಉಣ್ಣುತ್ತಾ ಕೂತಿದ್ದೀರಿ. ಊಟ ಮುಗಿದಿದ್ದರೆ ದಯವಿಟ್ಟು ಬೇಗ ಬನ್ನಿ. 9 ಮತ್ತು 31, ನಿಮ್ಮ ಕ್ಯಾಮೆರಾ ತೆಗೆದು ನೋಡಿ. ಕಿರಾಣಿ ಅಣ್ಣ ಅಪ್ಪನ ಕೆರೆ ಕಡೆ ಹೋಗಲಿ, ಶರಣಬಸವೇಶ್ವರ ಗುಡಿ ಹತ್ತಿರ ಹೂವು ಮಾರುವವರಿಗೆಲ್ಲ ಮುತ್ಯಾನ ಗುರುತು ಇದೆ. ನಾನು ಸ್ಟೇಷನ್‌ಗೆ ಹೋಗುತ್ತೇನೆ. ಬಸ್ ಸ್ಟ್ಯಾಂಡಿಗೆ ಯಾರು?

ಮನೆ 15 (4:33)
ಬಸ್ ಸ್ಟ್ಯಾಂಡ್ ನನಗಿರಲಿ. ಗಾಣಗಾಪುರದ ಬಸ್ ಹತ್ತಿದ್ದಾರಾ ಅಂತಲೂ ಕೇಳುತ್ತೇನೆ, ಅಮಾವಾಸ್ಯೆ ಅಲ್ವಾ.

ಮನೆ 31 (5:02)
ಪೋಸ್ಟರ್ ರೆಡಿ. ಕಾಣೆಯಾಗಿದ್ದಾರೆ, ವಯಸ್ಸು 78, ಬಿಳಿ ಧೋತರ, ಕಂದು ಸ್ವೆಟರ್. ಮನೆಯ ವಿಳಾಸ, ವೈನಿಯವರ ನಂಬರ್ ಹಾಕಿದ್ದೇನೆ. ಎಲ್ಲ ಗುಂಪುಗಳಿಗೂ ಕಳಿಸಿ, ಎಷ್ಟು ಜಾಸ್ತಿ ಹೋದರೆ ಅಷ್ಟು ಒಳ್ಳೆಯದು.

ಮನೆ 12 (5:04)
7 ಗುಂಪಿಗೆ ಕಳಿಸಿದೆ.

ಮನೆ 22 (5:05)
ನಾನೂ. ಬೀದರ್, ಯಾದಗಿರಿ ಕಡೆಯ ನೆಂಟರ ಗುಂಪಿಗೂ ಹಾಕಿದೆ.

ಮನೆ 6 (5:28)
ದವಾಖಾನೆ ಯಾರಾದರೂ ನೋಡಿದ್ರಾ?

ಮನೆ 9 (5:29)
ಎಲ್ಲರೂ ಇದನ್ನು ನೋಡಿ!! ನಮ್ಮ ಕ್ಯಾಮೆರಾದಲ್ಲಿ 11:20ಕ್ಕೆ ಮುತ್ಯಾ ನಡೆದು ಹೋಗುವುದು ಕಾಣುತ್ತದೆ. ಕೈಯಲ್ಲಿ ಏನೋ ಚೀಲ ಇದೆ. ಹಿಂದೆಯೇ ಒಂದು ಬಿಳಿ ಕಾರ್ ಮೆಲ್ಲಗೆ ಬಂದು ಅವರ ಪಕ್ಕ ನಿಂತಿದೆ. ಆಮೇಲೆ ಕರೆಂಟ್ ಹೋಗಿದೆ. ಮತ್ತೆ ಬಂದಾಗ ಮುತ್ಯಾನೂ ಇಲ್ಲ, ಕಾರೂ ಇಲ್ಲ.

ಮನೆ 12 (5:31)
ಅಯ್ಯೋ ದೇವರೇ. ಎತ್ತಿಕೊಂಡು ಹೋಗಿದ್ದಾರೆ.

ಮನೆ 22 (5:33)
ಅವರ ಪ್ಲಾಟ್ ಮಾರಿದ ಹಣ ಹೋದ ತಿಂಗಳು ಬಂದಿದೆ. ಊರಿಗೆಲ್ಲ ಗೊತ್ತು. ಸುಮ್ನೆ ಹೇಳುತ್ತಿಲ್ಲ, ಯೋಚನೆ ಮಾಡಿ.

ಮನೆ 9 (5:36)
ಕಾರ್ ನಂಬರಿನ ಕೊನೆಯ ಎರಡು ಅಂಕಿ ಕಾಣುತ್ತವೆ. ಫೋಟೋ ಹಾಕಲಾ? ಹುಮನಾಬಾದ್ ರಸ್ತೆ, ಸೇಡಂ ರಸ್ತೆ, ರಿಂಗ್ ರೋಡ್ ಎಲ್ಲ ಕಡೆ ಹುಡುಗರಿದ್ದಾರೆ, ಕಂಡಲ್ಲಿ ತಡೆಯುತ್ತಾರೆ.

ಮನೆ 4, ವಕೀಲರು (5:41)
ಹಾಕಬೇಡಿ. ಕೈ ಮುಗಿಯುತ್ತೇನೆ, ಆ ಕಾರಿನ ಫೋಟೋ ಎಲ್ಲೂ ಹಾಕಬೇಡಿ. 2018ರ ಜುಲೈನಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಮರೆತಿರಾ? ಹೈದರಾಬಾದಿನ ಸಾಫ್ಟ್‌ವೇರ್ ಹುಡುಗ ಗೆಳೆಯರ ಜೊತೆ ಕಾರಲ್ಲಿ ಬಂದಿದ್ದ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅಂತ ಮಕ್ಕಳ ಕಳ್ಳರು ಅಂದುಕೊಂಡರು, ವಾಟ್ಸಾಪ್‌ನಲ್ಲಿ ಸುದ್ದಿ ಇವರ ಕಾರಿಗಿಂತ ಮುಂದೆ ಓಡಿತು, ಮುಂದಿನ ಊರಲ್ಲಿ ದಾರಿಗೆ ಅಡ್ಡ ನಿಂತು ಹೊಡೆದರು. ಆ ಹುಡುಗ ಸತ್ತೇ ಹೋದ. ಎರಡು ಅಂಕಿ ಇಟ್ಟುಕೊಂಡು ನೀವು ಎಷ್ಟು ಬಿಳಿ ಕಾರ್ ತಡೆಯುತ್ತೀರಿ? ವಿಡಿಯೋ ಪೆನ್‌ಡ್ರೈವ್‌ಗೆ ಹಾಕಿ ಠಾಣೆಗೆ ಕೊಡಿ, ಅಷ್ಟೇ. ನಾನು ವೈನಿ ಜೊತೆ ಅಲ್ಲಿಗೇ ಹೊರಟಿದ್ದೇನೆ. ನಮ್ಮ ವ್ಯಾಪ್ತಿ ಅಲ್ಲ ಅಂತ ಯಾರಾದರೂ ಅಂದರೆ ಜೀರೋ ಎಫ್‌ಐಆರ್ ಕೇಳಬಹುದು, ಅಂದರೆ ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು, ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 173ನೇ ಕಲಂನಲ್ಲಿ ಅದು ಇದೆ. 24 ಗಂಟೆ ಕಾಯಬೇಕು ಅನ್ನುವುದೂ ಸುಳ್ಳು.

ಮನೆ 9 (5:52)
ಸರಿ ಸಾಹೇಬ್ರೇ. ಹಾಕಲ್ಲ.

ಕಾರ್ಯದರ್ಶಿ (6:20)
ಸ್ಟೇಷನ್‌ನಲ್ಲಿ ಇಲ್ಲ. ರೈಲ್ವೆ ಪೊಲೀಸರಿಗೆ ಫೋಟೋ ತೋರಿಸಿದ್ದೇನೆ, ವಾಡಿ, ಶಹಾಬಾದ್ ಕಡೆಗೂ ಹೇಳುತ್ತೇವೆ ಅಂದರು. 6ನೇ ಮನೆಯವರೇ, ಎರಡು ಖಾಸಗಿ ದವಾಖಾನೆಗೆ ಫೋನ್ ಮಾಡಿದೆ, ಆ ಹೆಸರಿನವರು ಯಾರೂ ಬಂದಿಲ್ಲ ಅಂದರು.

ಮನೆ 27 (6:58)
ಫೋನ್ ಬಂತು

ಮನೆ 27 (6:58)
ಹಣ ಕೇಳುತ್ತಿದ್ದಾರೆ

ಮನೆ 12 (6:59)
ಯಾರು?? ಎಷ್ಟು??

ಕಾರ್ಯದರ್ಶಿ (7:03)
ಯಾರೂ ಅವರಿಗೆ ಫೋನ್ ಮಾಡಬೇಡಿ, ಆ ಲೈನ್ ಖಾಲಿ ಇರಲಿ. ನಾನು ಅವರ ಮನೆಗೆ ಹೋಗುತ್ತಿದ್ದೇನೆ.

ಕಾರ್ಯದರ್ಶಿ (7:40)
ಅವರ ಪರವಾಗಿ ಬರೆಯುತ್ತಿದ್ದೇನೆ. ವಾಟ್ಸಾಪ್ ಕರೆ, ಹಿಂದಿಯಲ್ಲಿ ಮಾತು. ನಿಮ್ಮ ಮುದುಕ ನಮ್ಮ ಹತ್ತಿರ ಇದ್ದಾನೆ, ಬಿಳಿ ಧೋತರ, ಕಂದು ಸ್ವೆಟರ್, 3 ಲಕ್ಷ ಕೊಡಿ, ಪೊಲೀಸರಿಗೆ ಹೇಳಿದರೆ ನೋಡಿ ಅಂದಿದ್ದಾನೆ. ಮೊದಲು 20 ಸಾವಿರ ಹಾಕಿದರೆ ಮಾತಾಡಿಸುತ್ತೇನೆ ಅಂದನಂತೆ. ಪುಣೆಯಲ್ಲಿರುವ ಮಗನಿಗೆ ತಂಗಿ ಅಳುತ್ತಾ ವಿಷಯ ಹೇಳಿದ್ದಾರೆ, ಅವರು ಗಾಬರಿಯಲ್ಲಿ ಕಳಿಸಿಬಿಟ್ಟಿದ್ದಾರೆ. ಅವರನ್ನು ಯಾರೂ ಬೈಯಬೇಡಿ. ನಮ್ಮ ಅಪ್ಪ ಆಗಿದ್ದರೆ ನಾವೂ ಕಳಿಸುತ್ತಿದ್ದೆವು.

ಮನೆ 4, ವಕೀಲರು (7:46)
ಮಗ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ, ಯುಪಿಐ ವ್ಯವಹಾರದ ನಂಬರ್ ಕೈಯಲ್ಲಿ ಇಟ್ಟುಕೊಳ್ಳಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ಹೇಳಿದರೆ ತಡೆಯುವ ದಾರಿ ಇರುತ್ತದೆ, ಒಂದೊಂದು ನಿಮಿಷವೂ ಲೆಕ್ಕ. ಠಾಣೆಯವರಿಗೂ ಹೇಳಿದ್ದೇನೆ, ಬರುತ್ತಿದ್ದಾರೆ. ಹಣಕ್ಕಾಗಿ ಅಪಹರಣ ಅಂದರೆ ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್ 140(2), ಮರಣದಂಡನೆ ಇಲ್ಲವೇ ಜೀವಾವಧಿ ಆಗುವಂಥದ್ದು. ಅದಕ್ಕೇ ಅವರು ಇದನ್ನು ಹಗುರ ಮಾಡಲ್ಲ. ನೀವೂ ಮಾಡಬೇಡಿ.

ಮನೆ 22 (7:50)
ನಾನು ಹೇಳಿದ್ದೆ ಪ್ಲಾಟಿನ ಹಣ ಅಂತ.

ಕಾರ್ಯದರ್ಶಿ (7:51)
ಅಣ್ಣಾವ್ರೇ, ಪ್ಲಾಟಿನ ಮಾತು ಇನ್ನೊಂದು ಸಲ ಬಂದರೆ ಗುಂಪಿನಿಂದ ತೆಗೆಯುತ್ತೇನೆ. ಈ ಗುಂಪಲ್ಲಿ 140 ಜನ ಇದ್ದೇವೆ, ಬಾಡಿಗೆ ಬಿಟ್ಟು ಹೋದವರ ನಂಬರ್ ಕೂಡ ಇನ್ನೂ ಇವೆ. ಯಾರು ಓದುತ್ತಿದ್ದಾರೋ.

ಮನೆ 15 (8:25)
ಬಸ್ ಸ್ಟ್ಯಾಂಡ್ ಪೂರ್ತಿ ಸುತ್ತಿದೆ, ಸೂಪರ್ ಮಾರ್ಕೆಟ್ ಕೂಡ. ಇಲ್ಲ.

ಮನೆ 27 (9:34)
ಆಯಿ ಒಂದು ಮಾತು ಹೇಳಿದರು. ಕಂದು ಸ್ವೆಟರ್ ಗೂಟಕ್ಕೇ ನೇತಾಡುತ್ತಿದೆ. ಮುತ್ಯಾ ಬೆಳಿಗ್ಗೆಯಿಂದ ಕರಿ ಕೋಟು ಹಾಕಿಕೊಂಡಿದ್ದರಂತೆ. ಪೋಸ್ಟರ್‌ಗೆ ನಾನು ಕೊಟ್ಟಿದ್ದು ಹೋದ ವರ್ಷದ ಫೋಟೋ. ಅದರಲ್ಲಿ ಸ್ವೆಟರ್ ಇತ್ತು.

ಮನೆ 31 (9:37)
ಅಂದರೆ ಫೋನ್ ಮಾಡಿದವನು ನನ್ನ ಪೋಸ್ಟರ್ ಓದಿದ್ದಾನೆ.

ಮನೆ 31 (9:37)
ವೈನಿ ತಪ್ಪಾಯಿತು.

ಮನೆ 4, ವಕೀಲರು (9:49)
ಪೊಲೀಸರೂ ಇದನ್ನೇ ಹಿಡಿದರು. ಮತ್ತೆ ಕರೆ ಬಂದರೆ ಜಗಳ ಬೇಡ, ಮಾತು ಎಳೆಯಿರಿ, ಮುತ್ಯಾಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ ಅಂದಿದ್ದಾರೆ. ವಾಟ್ಸಾಪ್ ಕರೆ ಸಾಮಾನ್ಯ ರೆಕಾರ್ಡರ್‌ನಲ್ಲಿ ಸಿಗಲ್ಲ, ಸ್ಪೀಕರ್ ಹಾಕಿ ಇನ್ನೊಂದು ಫೋನ್‌ನಲ್ಲಿ ರೆಕಾರ್ಡ್ ಮಾಡಿ.

ಕಾರ್ಯದರ್ಶಿ (10:26)
ಬಂತು. ಆಯಿನೇ ಪ್ರಶ್ನೆ ಹೇಳಿಕೊಟ್ಟರು: ಮನೆಯಲ್ಲಿದ್ದ ಎತ್ತಿನ ಹೆಸರೇನು ಅಂತ ಅವರನ್ನೇ ಕೇಳಿ ಹೇಳಪ್ಪ. ಅವನು ಮುದುಕ ಮಲಗಿದ್ದಾನೆ ಅಂದ, ಬೈದ, ಇಟ್ಟ. ಆಮೇಲೆ ಸ್ವಿಚ್ ಆಫ್. ಮುತ್ಯಾ ಅವನ ಹತ್ತಿರ ಇಲ್ಲ ಅಂತ ನಮಗೆಲ್ಲ ಅನಿಸುತ್ತಿದೆ. ಆದರೆ ಹಾಗಾದರೆ ಎಲ್ಲಿದ್ದಾರೆ ಅನ್ನುವುದು ಇನ್ನೂ ದೊಡ್ಡ ಭಯ. ಈ ಚಳಿಯಲ್ಲಿ.

ಮನೆ 9 (11:15)
ಇನ್ನೊಂದು ವಿಷಯ, ನಾಚಿಕೆ ಆಗುತ್ತಿದೆ. ನಮ್ಮ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ, ಡಿವಿಆರ್ ಗಡಿಯಾರ 40 ನಿಮಿಷ ಮುಂದೆ ಇದೆಯಂತೆ, ಪೊಲೀಸರು ನೋಡಿ ಹೇಳಿದರು. ಅಂದರೆ ಅದು 10:40. ಆ ಹೊತ್ತಿಗೆ ನಮ್ಮ ಮಾಮಾ ಹೊಲಕ್ಕೆ ಬುತ್ತಿ ಒಯ್ಯಲು ಬಂದಿದ್ದರು. ಅವರದು ಬಿಳಿ ಕಾರ್. ಕೇಳಿದೆ. ಮುತ್ಯಾಗೆ ಶರಣು ಹೇಳಲು ನಿಲ್ಲಿಸಿದ್ದಂತೆ, ರಸ್ತೆವರೆಗೆ ಬಿಡಲಾ ಅಂದರೆ ಬೇಡ ಅಂದರಂತೆ.

ಮನೆ 4, ವಕೀಲರು (11:17)
ಆ ಎರಡು ಅಂಕಿ ನೆನಪಿಟ್ಟುಕೊಳ್ಳಿ.

ಮನೆ 18, ಸಿಸ್ಟರ್ (ಬೆಳಿಗ್ಗೆ 8:06)
ವೈನಿ ಫೋನ್ ಎತ್ತಿ

ಮನೆ 18, ಸಿಸ್ಟರ್ (8:06)
ಯಾರಾದರೂ 27ಕ್ಕೆ ಓಡಿ. ಮುತ್ಯಾ ನಮ್ಮ ಸರ್ಕಾರಿ ದವಾಖಾನೆಯಲ್ಲಿ ಇದ್ದಾರೆ. ಈಗ ಆರಾಮ ಇದ್ದಾರೆ.

ಮನೆ 12 (8:07)
!!!!!!

ಮನೆ 18, ಸಿಸ್ಟರ್ (8:31)
ಎಲ್ಲರೂ ಕೇಳುತ್ತಿದ್ದೀರಿ, ಒಂದೇ ಸಲ ಬರೆಯುತ್ತೇನೆ. ನನಗೆ ರಾತ್ರಿ ಡ್ಯೂಟಿ ಇತ್ತು, ಹೆರಿಗೆ ವಾರ್ಡ್, ಫೋನ್ ಬೀಗದಲ್ಲಿ. ಈ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದೆ, ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ 30 ಬಂದರೆ ಯಾರು ತಾನೇ ನೋಡುತ್ತಾರೆ. ಡ್ಯೂಟಿ ಮುಗಿಸಿ ನೋಡಿದರೆ 312 ಮೆಸೇಜ್, ಮೊದಲನೆಯದೇ ಮುತ್ಯಾನ ಫೋಟೋ. ಕ್ಯಾಶುವಾಲ್ಟಿಗೆ ಹೋಗಿ ಕೇಳಿದೆ. ನಿನ್ನೆ ಮಧ್ಯಾಹ್ನ ಒಬ್ಬ ಆಟೋದವರು ಒಬ್ಬ ಅಜ್ಜನನ್ನು ಎತ್ತಿಕೊಂಡು ಬಂದು ಮಲಗಿಸಿ ಹೋಗಿದ್ದಾರೆ. ಗುರುತಿನ ಚೀಟಿ ಇಲ್ಲ, ಫೋನ್ ಇಲ್ಲ. ಪುಸ್ತಕದಲ್ಲಿ ಅಪರಿಚಿತ ಗಂಡಸು, ಸುಮಾರು 75 ಅಂತ ಬರೆದಿದ್ದಾರೆ. ನೀವು ಎಷ್ಟು ಕಡೆ ಹೆಸರು ಹೇಳಿ ಕೇಳಿದರೂ ಇಲ್ಲ ಅಂತಲೇ ಹೇಳುತ್ತಾರಲ್ವಾ, ಹೆಸರೇ ಇಲ್ಲದವರು ಅವರು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ಹೇಳಲೇಬೇಕಾದ ಕೇಸ್ ಅಂತ ಪೊಲೀಸ್ ಔಟ್‌ಪೋಸ್ಟ್‌ಗೆ ತಿಳಿಸಿದ್ದರು, ನಿಮ್ಮ ದೂರು ಬೇರೆ ಠಾಣೆಯಲ್ಲಿತ್ತು. ಎರಡೂ ಕಾಗದ ಬೇರೆ ಬೇರೆ ಮೇಜಿನ ಮೇಲೆ ಮಲಗಿದ್ದವು.

ಶುಗರ್ ಬಂದಾಗ 38 ಇತ್ತು. 70ರ ಕೆಳಗೆ ಹೋದರೇ ಕಡಿಮೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಚರಗ ಚೆಲ್ಲುವವರೆಗೆ ಊಟ ಮಾಡಲ್ಲ ಅಂತ ಹಸಿದು ಕೂತಿದ್ದಾರೆ. ವಯಸ್ಸಾದವರಿಗೆ ಕೆಲವು ಮಾತ್ರೆಗಳ ಪ್ರಭಾವ ಬೇಗ ಇಳಿಯಲ್ಲ, ಗ್ಲೂಕೋಸ್ ಕೊಟ್ಟರೂ ಮತ್ತೆ ಮತ್ತೆ ಕೆಳಗೆ ಬೀಳುತ್ತದೆ. ಅದಕ್ಕೇ ರಾತ್ರಿಯೆಲ್ಲ ನೋಡಿಕೊಂಡಿದ್ದಾರೆ. ನಿಮ್ಮದು ಯಾವ ಊರು ಅಂತ ಕೇಳಿದರೆ ಹುಟ್ಟಿದ ಊರಿನ ಹೆಸರು ಹೇಳಿದ್ದಾರೆ, ಅಲ್ಲಿ ಯಾರಿಗೆ ಫೋನ್ ಮಾಡುತ್ತಾರೆ ಹೇಳಿ.

ಮನೆ 6 (8:40)
ನಾನು 5:28ಕ್ಕೇ ಕೇಳಿದ್ದೆ. ಬಿಳಿ ಕಾರ್ ಬಂದ ಮೇಲೆ ಯಾರು ಓದುತ್ತಾರೆ.

ಕಾರ್ಯದರ್ಶಿ (8:52)
ನಿಜ. ನಾನು ಎರಡು ಫೋನ್ ಮಾಡಿ ಕೈ ತೊಳೆದುಕೊಂಡೆ. ಸರ್ಕಾರಿ ದವಾಖಾನೆಗೆ ಮೊದಲು ಹೋಗಬೇಕಿತ್ತು, ಖುದ್ದಾಗಿ ಹೋಗಬೇಕಿತ್ತು, ಗುರುತಿಲ್ಲದವರು ಯಾರಾದರೂ ಬಂದಿದ್ದಾರಾ ಅಂತ ಕೇಳಬೇಕಿತ್ತು.

ಮನೆ 31 (9:10)
ಪೋಸ್ಟರ್ ಎಲ್ಲ ಕಡೆಯಿಂದ ತೆಗೆಯುತ್ತಿದ್ದೇನೆ. ಆದರೆ ಬೀದರ್ ಗುಂಪಿಂದ ಈಗಲೂ ವಾಪಸ್ ನನಗೇ ಬರುತ್ತಿದೆ. ಸಿಕ್ಕಿದ್ದಾರೆ ಅಂತ ದೊಡ್ಡದಾಗಿ ಬರೆದು ಕಳಿಸಿ.

ಮನೆ 22 (9:14)
ಹಾಗಾದರೆ ಕೇಸ್ ಏನಾಯಿತು? ಅಪಹರಣವೇ ಆಗಿಲ್ಲವಲ್ಲ.

ಮನೆ 4, ವಕೀಲರು (9:22)
ಮುತ್ಯಾ ಅವನ ಹತ್ತಿರ ಇರಲಿಲ್ಲ ಅಂದ ಮಾತ್ರಕ್ಕೆ ಅವನು ಸಾಧು ಆಗಲ್ಲ. ಹೆದರಿಸಿ ಹಣ ಕಿತ್ತರೆ ಅದು ಸುಲಿಗೆ, ಬಿಎನ್‌ಎಸ್ 308. ಸುಳ್ಳು ಹೇಳಿ ಕಿತ್ತರೆ ವಂಚನೆ, 318. 1930ರ ದೂರು ನಂಬರ್ ಬಂದಿದೆ, ಠಾಣೆಯಲ್ಲೂ ಬರೆಸಿದ್ದೇವೆ. ಮುತ್ಯಾ ಸಿಕ್ಕರು ಅಂತ ಕೈ ಬಿಡುವುದು ಬೇಡ. ಇವನು ಇವತ್ತು ಇನ್ನೊಬ್ಬರ ಪೋಸ್ಟರ್ ಓದುತ್ತಿರುತ್ತಾನೆ.

ಕಾರ್ಯದರ್ಶಿ (ಸಂಜೆ 6:15)
ಸಂಜೆ ಪಾರ್ಕಿನಲ್ಲಿ ಕೂತವರು ಮಾತಾಡಿದ್ದು. ಕಾಣೆಯಾದವರ ಪೋಸ್ಟರ್‌ನಲ್ಲಿ ಮನೆಯವರ ನಂಬರ್ ಬೇಡ, ಠಾಣೆಯ ನಂಬರ್ ಮತ್ತು 112 ಸಾಕು. ಮೈಮೇಲಿನ ಒಂದು ಗುರುತನ್ನು ಬೇಕಂತಲೇ ಬರೆಯದೆ ಬಿಡಬೇಕು, ಯಾರಾದರೂ ಫೋನ್ ಮಾಡಿದರೆ ಅದನ್ನೇ ಕೇಳಬೇಕು. ಈ ಸಲ ಅದು ತಪ್ಪಿನಿಂದ ಆಯಿತು, ಸ್ವೆಟರ್ ನಮ್ಮನ್ನು ಉಳಿಸಿತು. ಕ್ಯಾಮೆರಾ ಇರುವ 11 ಮನೆಯವರು ಈ ಭಾನುವಾರ ಗಡಿಯಾರ ಸರಿ ಮಾಡಿಕೊಳ್ಳಿ, 9ನೇ ಮನೆಯವರಿಗೆ ಬರದಿದ್ದರೆ 31ರ ಹುಡುಗ ಬರುತ್ತಾನೆ. ಶುಭೋದಯಕ್ಕೆ ಬೇರೆ ಗುಂಪು ಮಾಡಿದ್ದೇನೆ, ಇಲ್ಲಿ ಹಾಕಿದರೆ ಸಿಸ್ಟರ್ ಬಂದು ಸೂಜಿ ಚುಚ್ಚುತ್ತಾರೆ.

60 ದಾಟಿದವರ ಜೇಬಿಗೆ ಒಂದು ಚೀಟಿ ಮಾಡಿಸೋಣ, ಹೆಸರು, ಒಂದು ನಂಬರ್, ಶುಗರ್ ಅಥವಾ ಬಿಪಿ ಇದೆಯಾ ಅನ್ನುವುದು. ಪ್ಲಾಟು, ವಿಳಾಸ ಏನೂ ಬೇಡ. ಹಿರಿಯರ ಸಹಾಯವಾಣಿ 14567 ಕೂಡ ಅದರ ಹಿಂದೆ ಬರೆಸುತ್ತೇನೆ. ನನ್ನ ಹೆಸರೂ ಬರೆಯಿರಿ, ನನಗೂ 63.

ಮನೆ 27 (7:48)
ಎಲ್ಲರಿಗೂ ಕೈ ಮುಗಿಯುತ್ತೇನೆ ರೀ. ಈಗ ಮನೆಗೆ ಕರೆತಂದೆವು. ಆಯಿ ಬೈಯುತ್ತಾ ಊಟ ಮಾಡಿಸುತ್ತಿದ್ದಾರೆ. ಎಲ್ಲಿಗೆ ಹೊರಟಿದ್ದಿರಿ ಅಂದರೆ, ನೀವೆಲ್ಲ ಹೊಲಕ್ಕೆ ಹೋದಿರಿ, ನಾನೂ ರಿಂಗ್ ರೋಡ್ ಆಚೆ ಯಾರದಾದರೂ ತೊಗರಿ ಹೊಲದಲ್ಲಿ ನಾಲ್ಕು ತುತ್ತು ಚರಗ ಚೆಲ್ಲಿ ಬರೋಣ ಅಂತ ಆಟೋ ಹತ್ತಿದೆ ಅಂದರು. ಕೈಯಲ್ಲಿದ್ದ ಚೀಲದಲ್ಲಿ ಭಜ್ಜಿ, ಕಡುಬಿನ ಡಬ್ಬಿ ಇತ್ತಂತೆ.

ಆದರೆ ಈಗ ಅವರಿಗೆ ಬೇರೆಯೇ ಚಿಂತೆ. ಆಟೋದವರಿಗೆ ಬಾಡಿಗೆ ಕೊಟ್ಟಿಲ್ಲ, ಹಬ್ಬದ ದಿನ ಅವರ ದುಡಿಮೆ ಹಾಳು ಮಾಡಿದೆ, ಹುಡುಕಿ ಕೊಡಿ ಅಂತ ಒಂದೇ ಹಟ. ಡಬ್ಬಿಯೂ ಆ ಆಟೋದಲ್ಲೇ ಉಳಿದಿದೆ. ಸ್ಟೀಲಿಂದು, ಮುಚ್ಚಳದ ಮೇಲೆ ಆಯಿ ಹೆಸರು ಕೊರೆಸಿದ್ದಾರೆ.

ಮನೆ 15 (7:52)
ಸೇಡಂ ರಸ್ತೆ ಸ್ಟ್ಯಾಂಡಿನ ಆಟೋ ಆಗಿರಬೇಕು. ನಾಳೆ ಬೆಳಿಗ್ಗೆ ನಾನು ಹೋಗಿ ಕೇಳುತ್ತೇನೆ.

ಮನೆ 31 (7:53)
ಪೋಸ್ಟರ್ ಮಾಡಲಾ?

ಮನೆ 4, ವಕೀಲರು (7:53)
ಬೇಡ.

ಮನೆ 31 (7:54)
ಸುಮ್ನೆ ಕೇಳಿದೆ ಸಾಹೇಬ್ರೇ.

ಕಿರಾಣಿ ಅಣ್ಣ (8:10)
ನನ್ನ ಅಂಗಡಿಗೆ ದಿನಾ 20 ಆಟೋದವರು ಚಹಾಕ್ಕೆ ಬರುತ್ತಾರೆ. ಮುಚ್ಚಳದ ಮೇಲೆ ಏನು ಹೆಸರಿದೆ ಅಂತ ನನಗೆ ಹೇಳಬೇಡಿ ವೈನಿ. ಡಬ್ಬಿ ಇದೆ ಅಂದವರನ್ನು ನಿಮ್ಮ ಮನೆಗೇ ಕಳಿಸುತ್ತೇನೆ, ಆಯಿನೇ ಕೇಳಲಿ.