ವಿಜ್ಞಾನ ಪಾಠವನ್ನು ಅಳೆಯೋದು ಹೇಗೆ?

ಪ್ರಶ್ನೆ: ಎಂಟನೇ ತರಗತಿಯ ವಿಜ್ಞಾನ ಪಾಠಗಳನ್ನು ಹಿಂದಿನ ಬೆಂಚಲ್ಲಿ ಕೂತು ಗಮನಿಸಬೇಕು. ಫಾರಂನಲ್ಲಿ 'ಪ್ರಯೋಗ ಮಾಡಿಸಿದರೇ? ಹೌದು/ಇಲ್ಲ' ಅಷ್ಟೇ ಇದೆ. ಇದರಿಂದ ಏನು ಗೊತ್ತಾಗುತ್ತದೆ?

ಉತ್ತರ 1: ಬಿ.ಎಡ್.ನಲ್ಲಿ ಫ್ಲಾಂಡರ್ಸ್ ಅವರ, ತರಗತಿಯ ಮಾತುಕತೆ ಅಳೆಯೋ ವಿಧಾನ ಓದಿರ್ತೀರಿ ಅಲ್ವಾ? 3 ಸೆಕೆಂಡಿಗೊಮ್ಮೆ, ಯಾರು ಏನು ಮಾತಾಡ್ತಿದ್ದಾರೆ ಅಂತ 10 ವಿಧಗಳಲ್ಲಿ ಗುರುತು ಹಾಕೋದು. ಕೈ ನೋಯುತ್ತದೆ, ಆದರೆ ಮೇಷ್ಟ್ರ ಮಾತು ಎಷ್ಟು ಜಾಸ್ತಿ ಅಂತ ಗೊತ್ತಾಗುತ್ತದೆ.

ಉತ್ತರ 2: ಅದು ಮಾತನ್ನು ಅಳೆಯುತ್ತದೆ, ವಿಜ್ಞಾನವನ್ನಲ್ಲ. ನೀಲಿ ಲಿಟ್ಮಸ್ ಕಾಗದವನ್ನು ನಿಂಬೆರಸಕ್ಕೆ ಅದ್ದುವ ಮೊದಲೇ 'ಕೆಂಪಾಗುತ್ತೆ, ಬರ್ಕೊಳ್ಳಿ' ಅಂದರೂ ಫಾರಂನಲ್ಲಿ 'ಹೌದು'. ಏನಾಗಬಹುದು ಅಂತ ಮಕ್ಕಳನ್ನು ಮೊದಲು ಕೇಳಿದರೇ, ಕೇಳಿ ಎಷ್ಟು ಹೊತ್ತು ಕಾದರು, ಅದನ್ನು ಬರೆದುಕೊಳ್ಳಿ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ಇದನ್ನು ಅಳೆದಾಗ ಶಿಕ್ಷಕರು ಸುಮಾರು 1 ಸೆಕೆಂಡಷ್ಟೇ ಕಾಯುತ್ತಿದ್ದರು. 3 ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು.

ಉತ್ತರ 3: ಹೇಳದೆ ಹೋಗಿ. ಮೊದಲೇ ಗೊತ್ತಾದರೆ ಅವತ್ತು ಮಾತ್ರ ಲ್ಯಾಬ್ ಬೀಗ ತೆಗೆಯುತ್ತಾರೆ.